ಕಂಟ್ರೋಲರ್ ಈರಬಸಪ್ಪನ ಕಿವಿಗಳು

ನವಲಗುಂದ ಬಸ್ ನಿಲ್ದಾಣದ ಕಂಟ್ರೋಲರ್ ಈರಬಸಪ್ಪ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಎಂಬತ್ತಾರನೆಯ ಇಸವಿಯ ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಮೊದಲ ಬಾರಿಗೆ ಓಡಿದ. ಅದಕ್ಕೂ ಮುಂಚೆ ಅವನು ಓಡಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಬಸ್ಸನ್ನು ನಿಲ್ಲಿಸುವುದೂ ಬಿಡುವುದೂ ತನ್ನ ಸೀಟಿಯಲ್ಲೇ ಇರುವಾಗ ಮನುಷ್ಯ ಓಡುವ ಪ್ರಸಂಗವಾದರೂ ಯಾಕೆ ಬರಬೇಕು? ಆದರೆ ಡಾಕ್ಟರು ಹೇಳಿದ್ದರು.

"ರಕ್ತದಾಗ ಸಕ್ಕರಿ ಬಂದೈತಿ. ದಿನಾ ಅರ್ಧ ತಾಸು ಓಡ್ರಿ. ನಡೀರಿ ಅಂತ ಹೇಳೂದಿಲ್ಲ ನಾ. ನಡೀರಿ ಅಂದ್ರ ನೀವು ಚಾದಂಗಡಿ ತನಕಾ ನಡದು ಕುಂದರ್ತೀರಿ."

ಹೀಗಾಗಿ ಹಳೆಯ ಖಾಕಿ ಪ್ಯಾಂಟು, ಬಿಳಿ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಮನೆ ಬಿಟ್ಟ ಈರಬಸಪ್ಪ ಬಸ್ ನಿಲ್ದಾಣದ ಮುಂದಿನಿಂದಲೇ ಅಣ್ಣಿಗೇರಿ ರಸ್ತೆಗೆ ತಿರುಗಿದ. ನಿಲ್ದಾಣದಲ್ಲಿ ಆಗಲೇ ಮೂವತ್ತು ಮಂದಿ ಗಂಟು ಮೂಟೆ ಇಟ್ಟುಕೊಂಡು ಕುಳಿತಿದ್ದರು. ಖಾಕಿ ತೊಟ್ಟ ಕಂಟ್ರೋಲರ್ ಬೆಳಗಿನ ಜಾವ ರಸ್ತೆ ಹಿಡಿದು ಓಡಿದರೆ ಅದಕ್ಕೆ ಒಂದೇ ಅರ್ಥ. ಯಾರೋ "ಬಸ್ ಹೊರಗ ನಿಂತೈತ್ರೋ!" ಎಂದರು. ಮೂವತ್ತೂ ಮಂದಿ ಎದ್ದು ಅವನ ಹಿಂದೆ ಓಡಿದರು. ಒಬ್ಬನ ತಲೆಯ ಮೇಲೆ ಹತ್ತಿಯ ಅಂಡಿಗೆ, ಒಬ್ಬಳ ಬಗಲಲ್ಲಿ ಹುಂಜ. ಈರಬಸಪ್ಪನಿಗೆ ಹಿಂದೆ ಕಾಲಸಪ್ಪಳ ಕೇಳಿ ಗಾಬರಿಯಾಯಿತು. ಅವನು ಜೋರು ಓಡಿದ. ಅವರೂ ಜೋರು ಓಡಿದರು. ಕೊನೆಗೆ ಊರಾಚೆಯ ಸೇತುವೆಯ ಹತ್ತಿರ ಉಸಿರು ಸಾಲದೆ ನಿಂತ.

"ಬಸ್ ಎಲ್ಲೈತ್ರಿ?" ಎಂದರು ಮೂವತ್ತು ಮಂದಿ.

"ಬಸ್ಸಿಲ್ಲ."

"ಮತ್ತ್ಯಾಕ ಓಡಿದ್ರಿ?"

ಉಸಿರಿಲ್ಲದ ಮನುಷ್ಯ ಒಂದೇ ಶಬ್ದ ಹೇಳಬಲ್ಲ. ಈರಬಸಪ್ಪ ಅದನ್ನು ಹೇಳಿದ. "ಸಕ್ಕರಿ."

"ಸಕ್ಕರಿ ಬಂದೈತಿ?"

"ಬಂದೈತಿ," ಎಂದು ಈರಬಸಪ್ಪ ತನ್ನ ಎದೆ ಮುಟ್ಟಿಕೊಂಡ.

ಎರಡು ತಿಂಗಳಿಂದ ರೇಷನ್ ಅಂಗಡಿಗೆ ಸಕ್ಕರೆ ಬಂದಿರಲಿಲ್ಲ. ಮೂವತ್ತು ಮಂದಿಯೂ ತಿರುಗಿ ಊರ ಕಡೆ ಓಡಿದರು. ಆ ದಿನ ಹುಬ್ಬಳ್ಳಿಯ ಮೊದಲ ಬಸ್ಸು ಖಾಲಿ ಹೋಯಿತು. ರೇಷನ್ ಅಂಗಡಿಯವನು ಬಾಗಿಲು ತೆರೆಯಲು ಬಂದವನು ಸಾಲು ನೋಡಿ ಬಾಗಿಲು ತೆರೆಯದೆ ಹಿತ್ತಲಿನಿಂದ ಮನೆಗೆ ಹೋದ.

ಮಾರನೆಯ ದಿನ ಯಾರೂ ಹಿಂದೆ ಓಡಲಿಲ್ಲ. ಆದರೆ ಎಲ್ಲರೂ ಕೇಳಿದರು. ಹೊಲಕ್ಕೆ ಹೋಗುವವರು, ಬಿಂದಿಗೆ ಹೊತ್ತವರು, ಹಲ್ಲು ತಿಕ್ಕುತ್ತ ನಿಂತವರು. "ಕಂಟ್ರೋಲ್ರ, ಗದಗ ಬಸ್ ಹೋತೇನ್ರಿ?" "ಸಾಹೇಬ್ರ, ನಿನ್ನೆ ಬಸ್ಸಿನ್ಯಾಗ ನನ್ನ ಛತ್ರಿ ಬಿಟ್ಟೇನಿ, ಸಿಕ್ಕೈತೇನ್ರಿ?" "ಯಣ್ಣಾ, ಹಬ್ಬಕ್ಕ ಜಾದಾ ಬಸ್ ಬಿಡ್ತೀರೇನು?" ಹದಿನಾರು ವರ್ಷ ಬೆಳಿಗ್ಗೆಯಿಂದ ಸಂಜೆಯವರೆಗೆ ಇವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮನುಷ್ಯ ಅವನು. ತನ್ನದು ಎಂದು ದಿನಕ್ಕೆ ಅರ್ಧ ತಾಸು ಮೊದಲ ಬಾರಿಗೆ ಸಿಕ್ಕಿತ್ತು. ಅದೂ ಗದಗ ಬಸ್ಸಿನ ಪಾಲಾಯಿತು.

ಆಗಲೇ ಅವನು ನಿಲ್ದಾಣದ ಪತ್ರಿಕೆಯಂಗಡಿಯಲ್ಲಿ ಒಂದು ಚಿತ್ರ ಕಂಡ. ಪರದೇಶದ ಒಬ್ಬ ಗಂಡಸು ಉದ್ಯಾನದಲ್ಲಿ ಓಡುತ್ತಿದ್ದ. ತಲೆಯ ಮೇಲೊಂದು ತಂತಿಯ ಕಮಾನು, ಎರಡು ಕಿವಿಗೂ ಸ್ಪಂಜು, ಅಲ್ಲಿಂದ ಸೊಂಟಕ್ಕೆ ವೈರು. ಅವನ ಹಿಂದೆ ಮುಂದೆ ಬೇಕಾದಷ್ಟು ಜನರಿದ್ದರು. ಒಬ್ಬನಾದರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಈರಬಸಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ಅವನಿಗೆ ಹಾಡಿನ ಆಸೆ ಇರಲಿಲ್ಲ. ಆ ಮುಖದ ನೆಮ್ಮದಿಯ ಆಸೆಯಾಯಿತು.

ರೇಡಿಯೋ ರಿಪೇರಿಯ ಮಶಾಕಸಾಬನ ಅಂಗಡಿಯಲ್ಲಿ ಅಂಥವು ಮೂರು ಇದ್ದವು. ಮುಂಬಯಿಯ ಅಳಿಯ ಕಳಿಸಿದ್ದು. ಮೂರನ್ನೂ ಅವನು ಜಮಖಾನೆಯ ತುಂಡಿನ ಮೇಲೆ ಸಾಲಾಗಿ ಇಟ್ಟ, ಹೆಣ್ಣು ತೋರಿಸುವವರ ಗಾಂಭೀರ್ಯದಿಂದ.

ಮೊದಲನೆಯದು ಕರಿ ಚರ್ಮದ್ದು, ಒಂದೊಂದು ಬಟ್ಟಲೂ ಅಂಗೈಯಗಲ. "ಇದು ಅಗದಿ ಭಾರಿ ಮಾಲು. ವಿಮಾನ ಹೊಡಿಯೋರು ಹಾಕ್ಕೋತಾರ," ಎಂದ ಮಶಾಕಸಾಬ. ಎರಡನೆಯದು ಅಂಗಿಯ ಗುಂಡಿಯಷ್ಟು ಸಣ್ಣದು, ಕಿವಿಯ ಒಳಗೇ ಇಡುವಂಥದ್ದು. ಮೂರನೆಯದಕ್ಕೆ ತೆಳು ಉಕ್ಕಿನ ಪಟ್ಟಿ, ಎರಡೂ ತುದಿಗೆ ಕಿತ್ತಳೆ ಬಣ್ಣದ ಸ್ಪಂಜು.

"ಓಡಾಕ ಯಾವುದು ಚಲೋ?"

"ಓಡಿ ನೋಡ್ರಿ."

"ಇಲ್ಲೇ?"

"ಮತ್ತ? ಚಪ್ಪಲಿ ತಗೊಂಡ್ರ ನಡದು ನೋಡೂದಿಲ್ಲೇನು?"

ಈರಬಸಪ್ಪ ಕರಿ ಚರ್ಮದ್ದನ್ನು ಹಾಕಿಕೊಂಡು ಹಾಡುಹಗಲಲ್ಲಿ ಬಜಾರದಲ್ಲಿ ಓಡಿದ. ಹಿಟ್ಟಿನ ಗಿರಣಿಯ ತನಕ ಹೋಗುವಷ್ಟರಲ್ಲಿ ಅದು ಹಣೆಗೆ ಇಳಿಯಿತು, ಬರುವಾಗ ಕೊರಳಿಗೆ ಬಿತ್ತು. ಗಿರಣಿಯವನು ಗಾಲಿ ನಿಲ್ಲಿಸಿ ಹೊರಗೆ ಬಂದ. ಗುಂಡಿಯಂಥದ್ದನ್ನು ಹಾಕಿಕೊಂಡು ಓಡಿದರೆ ಹತ್ತು ಹೆಜ್ಜೆಗೆ ಎಡದ್ದು, ಹದಿನೈದಕ್ಕೆ ಬಲದ್ದು ಉದುರಿ, ಎರಡೂ ಮೊಣಕಾಲ ಹತ್ತಿರ ಜೋತಾಡಿದವು. ಒಂದು ನಾಯಿ ಅವುಗಳ ಹಿಂದೆ ಬಂತು.

"ಇದ ಪಾಸ್ ಆತು ಅಂತ ತಿಳೀರಿ. ಸ್ವಲ್ಪ ಹತ್ತಿ ಸುತ್ತಿ ಇಟ್ಟಕೊಂಡ್ರ ಬೀಳೂದಿಲ್ಲ. ಹಗೂರ ಐತಿ, ಬೆವರ ಹತ್ತೂದಿಲ್ಲ, ಯಾರಿಗೂ ಕಾಣೂದೂ ಇಲ್ಲ," ಎಂದ ಮಶಾಕಸಾಬ.

"ಕಾಣಬೇಕು," ಎಂದ ಈರಬಸಪ್ಪ.

"ಯಾರಿಗೆ?"

"ಎಲ್ಲಾರಿಗೂ. ದೂರಿಂದ ಕಾಣಬೇಕು. ಬಾಯಿ ತೆರೆಯೂದ್ರಾಗ ಕಾಣಬೇಕು."

ಹೀಗೆ ಕಿತ್ತಳೆ ಸ್ಪಂಜಿನದು ಆಯ್ಕೆಯಾಯಿತು. ಅದು ತಲೆಗೆ ಒತ್ತಿ ಕೂತಿತು, ಗಿರಣಿಗೆ ಎರಡು ಸಲ ಹೋಗಿ ಬಂದರೂ ಅಲುಗಲಿಲ್ಲ. ಮಶಾಕಸಾಬ ಸಂತೋಷದಿಂದ ಕೈ ಒರೆಸಿಕೊಂಡು, "ಇನ್ನ ಮಶೀನು. ಕ್ಯಾಸೆಟ್ಟಿನ ಮಶೀನು ಹುಬ್ಬಳ್ಳಿಯಿಂದ ತರಿಸಿಕೊಡ್ತೇನಿ," ಎಂದ.

"ಮಶೀನು ಬ್ಯಾಡ."

"ಮತ್ತ ಹಾಡು ಎಲ್ಲಿಂದ ಬರಬೇಕ್ರಿ?"

"ಹಾಡು ಬರೂದು ಬ್ಯಾಡ ಮಶಾಕಸಾಬ. ಮಂದಿ ಬರೂದು ನಿಂತ್ರ ಸಾಕು."

ಮಶಾಕಸಾಬ ಅವನ ಮುಖ ನೋಡಿದ. ಆಮೇಲೆ ಸ್ಪಂಜಿನದನ್ನು ಕಾಗದದಲ್ಲಿ ಕಟ್ಟಿಕೊಟ್ಟ.

ಮರುದಿನದಿಂದ ಈರಬಸಪ್ಪ ಸ್ಪಂಜು ಕಿವಿಗಿಟ್ಟು, ವೈರಿನ ತುದಿಯನ್ನು ಅಂಗಿಯ ಕಿಸೆಯಲ್ಲಿ ಬರಿದೆ ಸಿಕ್ಕಿಸಿಕೊಂಡು ಓಡತೊಡಗಿದ. ಎಲ್ಲ ಸರಿಯಾಗಿ ಕೇಳುತ್ತಿತ್ತು. "ಕಂಟ್ರೋಲ್ರ!" ಕೇಳುತ್ತಿತ್ತು. "ಗದಗ ಬಸ್..." ಕೇಳುತ್ತಿತ್ತು. ಅವನು ಪರದೇಶದವನಂತೆ ಮುಖ ಮಾಡಿಕೊಂಡು ಮುಂದೆ ಹೋಗುತ್ತಿದ್ದ. ಜೀವಮಾನದಲ್ಲಿ ಅಂಥ ಸುಖ ಅವನು ಕಂಡಿರಲಿಲ್ಲ.

ನಾಲ್ಕನೆಯ ದಿನ ಅಣ್ಣಿಗೇರಿ ರಸ್ತೆಯಲ್ಲಿ ಕಲ್ಲು ಹಾಕುವ ಕೆಲಸ ನಡೆದಿತ್ತು. ಬಸ್ಸುಗಳು ಬೇರೆ ದಾರಿಯಿಂದ ಹೋಗುತ್ತಿದ್ದವು. ವಾಹನವಿಲ್ಲದ ರಸ್ತೆ ಎಂದು ಖುಷಿಯಿಂದ ಅವನು ಸೇತುವೆ ದಾಟಿ ದೂರ ಓಡಿದ. ಅಲ್ಲಿ ಬೇವಿನ ಗಿಡದ ಕೆಳಗೆ ಬಾಜೂ ಹಳ್ಳಿಯ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ಮುದುಕಿ, ಎರಡೂ ಕಣ್ಣಿಗೆ ಪೊರೆ ಬಂದವಳು. ಇನ್ನೊಬ್ಬಳು ಅವಳ ಕೈ ಹಿಡಿದ ಸೊಸೆ.

"ಯಣ್ಣಾ, ಅಣ್ಣಿಗೇರಿ ಬಸ್ಸು ಇಲ್ಲೇ ನಿಲ್ತೈತೇನ್ರಿ?" ಎಂದಳು ಸೊಸೆ.

ನಿಲ್ಲುವುದಿಲ್ಲ, ಈ ದಾರಿಗೆ ಬರುವುದೇ ಇಲ್ಲ ಎಂದು ಇಡೀ ನವಲಗುಂದದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವನ ಕಾಲು ಒಂದು ಹೆಜ್ಜೆ ತಪ್ಪಿತು. ಆದರೆ ಇಂದು ಒಬ್ಬರಿಗೆ ಉತ್ತರ ಕೊಟ್ಟರೆ ನಾಳೆ ಇಡೀ ಊರಿಗೆ ಕೊಡಬೇಕಾಗುತ್ತದೆ. ಹೆಜ್ಜೆ ಸರಿ ಮಾಡಿಕೊಂಡು ಓಡಿದ. ಮರಳುವಾಗ ಮುಜುಗರವಾಗಿ ಹೊಲದ ಬದುವಿನಿಂದ ಬಂದ.

ಇಷ್ಟರಲ್ಲಿ ಊರು ತನ್ನ ತೀರ್ಮಾನಕ್ಕೆ ಬಂದಿತ್ತು. ನವಲಗುಂದದಲ್ಲಿ ಹಿಂದೆ ಒಬ್ಬ ಮಾಮಲೇದಾರರಿದ್ದರು. ಅವರ ಕಿವಿಯಿಂದ ಕಿಸೆಗೆ ಇಂಥದೇ ವೈರು ಇಳಿದಿರುತ್ತಿತ್ತು. ಅದು ಕಿವಿಯ ಮಶೀನು. ನಿಲ್ದಾಣದ ಬಾಗಿಲಲ್ಲಿ ಶೇಂಗಾ ಮಾರುವ ಫಾತಿಮಾಬಿಗೆ ಮೊದಲು ಇದು ಹೊಳೆಯಿತು.

"ಹೋದ್ವು," ಎಂದಳು ಅವಳು, ಗಿರಾಕಿಗೆ ಶೇಂಗಾ ಕೊಡುತ್ತ. "ಎರಡೂ ಹೋದ್ವು. ಹದಿನಾರು ವರ್ಷ ಆ ಹಾರ್ನು ಕೇಳಿದ್ರ ಕಬ್ಬಿಣದ ಕಿವಿನೂ ಹೋಗ್ತಾವ. ಪಾಪ, ಯಾರಿಗೂ ಹೇಳಿಲ್ಲ ನೋಡ್ರಿ. ಮಾನಸ್ಥ ಮನುಷ್ಯಾ."

ಅಂದಿನಿಂದ ನಿಲ್ದಾಣದಲ್ಲಿ ಈರಬಸಪ್ಪನ ಸ್ಥಿತಿ ಬದಲಾಯಿತು. ಜನ ಅವನ ಕಿವಿಯ ಹತ್ತಿರ ಬಾಯಿಟ್ಟು "ಹು...ಬ್ಬ...ಳ್ಳಿ!" ಎಂದು ಕೂಗಿದರು. ಕೆಲವರು ಚೀಟಿಯಲ್ಲಿ ಬರೆದು ತಂದರು. ಒಬ್ಬ ರೋಣಕ್ಕೆ ಹೋಗುವವನು ಬರೆಯಲು ಬಾರದೆ ನೆಲದ ಮೇಲೆ ರೋಣದ ದಿಕ್ಕಿಗೆ ಮಲಗಿ ತೋರಿಸಿದ. "ನನಗ ಕೇಳಸ್ತೈತಿ, ಸಾವಕಾಶ ಮಾತಾಡ್ರಿ!" ಎಂದು ಈರಬಸಪ್ಪ ತನ್ನ ಎಂದಿನ ಬಸ್‌ಸ್ಟ್ಯಾಂಡ್ ದನಿಯಲ್ಲಿ ಕೂಗಿದ.

"ನೋಡ್ರಿ ಹೆಂಗ ಒದರ್ತಾನ," ಎಂದು ಜನ ಮರುಗಿದರು. "ತನ್ನ ದನಿ ತನಗ ಕೇಳಸೂದಿಲ್ಲ, ಪಾಪ."

ಮೆಲ್ಲಗೆ ಹೇಳಿ ನೋಡಿದ. "ದನಿನೂ ಕುಂದಾಕತ್ತೈತಿ," ಎಂದರು.

ಓಡುವಾಗ ಹಾಕಿಕೊಳ್ಳುವುದು ಬರೀ ಸೋಗು, ವೈರಿನ ತುದಿಗೆ ಏನೂ ಇಲ್ಲ, ನಿಮ್ಮೆಲ್ಲರ ಮಾತು ಕೇಳಿಯೂ ಕೇಳದಂತೆ ಹೋಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ್ದರೆ ಪ್ರಕರಣ ಅಲ್ಲೇ ಮುಗಿಯುತ್ತಿತ್ತು. ಆದರೆ ಕಿವುಡನಾಗಿರುವುದಕ್ಕಿಂತ ಅದನ್ನು ಹೇಳುವುದು ಕಷ್ಟವಾಗಿತ್ತು.

ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಹೆಂಡತಿ ಗೌರಕ್ಕ ಮೊದಲು ಬಾಜೂ ಮನೆಯವರ ಮೇಲೆ ಹರಿಹಾಯ್ದಳು. "ನನ್ನ ಗಂಡಗ ಏನಾಗೇತಿ? ಇಪ್ಪತ್ತ ವರ್ಷ ಸಂಸಾರ ಮಾಡೇನಿ, ನನಗ ಗೊತ್ತಿಲ್ಲೇನು?" ಆದರೂ ಮನಸ್ಸು ತಡೆಯದೆ ಒಂದು ಸಂಜೆ ಅಡಿಗೆಮನೆಯಿಂದ, "ಏನ್ರಿ, ಹಾಲು ತೀರೇತಿ, ತರ್ತೀರೇನು?" ಎಂದಳು.

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಈರಬಸಪ್ಪ ಉತ್ತರ ಕೊಡಲಿಲ್ಲ. ಮದುವೆಯಾದಾಗಿನಿಂದ ಅವನು ಇಂಥ ಮಾತಿಗೆ ಮೊದಲ ಕೂಗಿಗೆ ಉತ್ತರ ಕೊಟ್ಟವನಲ್ಲ. ನಾಲ್ಕನೆಯ ಕೂಗಿಗೆ "ಹಾಂ?" ಎನ್ನುವುದು ರೂಢಿ. ಅಂದು ನಾಲ್ಕನೆಯ ಕೂಗು ಬರಲಿಲ್ಲ. ತಲೆ ಎತ್ತಿ ನೋಡಿದರೆ ಗೌರಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಪ್ಪತ್ತ ವರ್ಷದಿಂದ ಕೇಳಸ್ತಿದ್ದಿಲ್ಲ," ಎಂದಳು ತನ್ನಷ್ಟಕ್ಕೆ. "ನಾ ಪಾಪಿ, ಬೇಕಂತ ಕೇಳದಂಗ ಮಾಡ್ತಾನ ಅಂತ ಎಷ್ಟ ಬೈದೆ."

ಅಂದು ರಾತ್ರಿ ರೊಟ್ಟಿಯ ಮೇಲೆ ಎರಡು ಸಲ ತುಪ್ಪ ಬಿತ್ತು. ಆಮೇಲಿನ ದಿನಗಳಲ್ಲಿ ಗೌರಕ್ಕ ಅವನ ಮುಂದೆ ಬಂದು, ಮುಖ ನೋಡಿ, ಒಂದೊಂದೇ ಮಾತು ಬಿಡಿಸಿ ಆಡತೊಡಗಿದಳು. ಹೀಗೆ ಅವಳು ಎದುರಿಗೆ ಕೂತು ಮಾತಾಡಿದ್ದು ಮದುವೆಯ ಹೊಸದರಲ್ಲಿ ಮಾತ್ರ. ಈರಬಸಪ್ಪನಿಗೆ ತುಪ್ಪವೂ ಗಂಟಲಲ್ಲಿ ಇಳಿಯಲಿಲ್ಲ, ಸತ್ಯವೂ ಮೇಲೆ ಬರಲಿಲ್ಲ.

ಗೌರಕ್ಕನ ಅಣ್ಣ ಮಡಿವಾಳೆಪ್ಪ ಅಣ್ಣಿಗೇರಿಯಲ್ಲಿ ಅರಿವೆ ವ್ಯಾಪಾರಿ. ಸುದ್ದಿ ಕೇಳಿ ಬೆಳ್ಳುಳ್ಳಿ ಎಣ್ಣೆಯ ಶೀಸೆ ಹಿಡಿದುಕೊಂಡು ಬಂದ. ಭಾವನನ್ನು ಅಡ್ಡ ಮಲಗಿಸಿ ಎರಡೂ ಕಿವಿಗೆ ಎಣ್ಣೆ ಹೊಯ್ದ. ಆಮೇಲೆ ಒಂದು ಯೋಚನೆ ಬಂದು ಶೀಸೆಗೆ ಬೂಚು ಹಾಕಿದ.

"ಎಣ್ಣಿ ಬ್ಯಾಡ ಗೌರವ್ವ. ಸರ್ಟಿಫಿಕೇಟ್ ಮಾಡಸೂಣು. ಕಿವಿ ಹೋದಾವಂತ ಬರದ್ರ ಹುಬ್ಬಳ್ಳಿ ಆಫೀಸಿನ್ಯಾಗ ಕುರ್ಚಿ ಕೊಡ್ತಾರ. ಮ್ಯಾಲೆ ಫ್ಯಾನು, ಬಾಜೂಕ ನೀರಿನ ಹೂಜಿ." ಅವನು ಈರಬಸಪ್ಪನ ಮುಂದೆ ಕೂತು ಕೈಸನ್ನೆಯಿಂದ ಫ್ಯಾನು ತಿರುಗಿಸಿ ತೋರಿಸಿದ. "ನೀ ಏನೂ ಮಾಡೂದು ಬ್ಯಾಡೋ ಮಾರಾಯಾ. ಏನೂ ಕೇಳಿಸಿಕೊಳ್ಳದಿದ್ರ ಸಾಕು."

ಈರಬಸಪ್ಪ ಫ್ಯಾನಿನ ಬಗ್ಗೆ ಯೋಚಿಸಿದ್ದು ಸುಳ್ಳಲ್ಲ.

ಮರುದಿನ ಬೇವಿನ ಗಿಡದ ಹತ್ತಿರ ಕಂಡ ಆ ಹೆಂಗಸರಿಬ್ಬರೂ ನಿಲ್ದಾಣಕ್ಕೆ ಬಂದರು. ಸೊಸೆಯ ಹೆಸರು ಕೆಂಚವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೇ ಬಂದಿದ್ದಳು. ಅವರು ಗಿಡದ ಕೆಳಗೆ ನಿಂತಿದ್ದ ದಿನ ಅಣ್ಣಿಗೇರಿಯಲ್ಲಿ ಕಣ್ಣಿನ ಶಿಬಿರವಿತ್ತಂತೆ. ಹತ್ತು ಗಂಟೆಗೆ ಹೆಸರು ಬರೆಸಬೇಕಿತ್ತು. ಮಧ್ಯಾಹ್ನದವರೆಗೆ ಬಾರದ ಬಸ್ಸಿಗೆ ನಿಂತು, ಕಡೆಗೆ ನಡೆದು ಹೋದರೆ ಹೆಸರು ಬರೆಯುವವರು ಪುಸ್ತಕ ಮುಚ್ಚಿದ್ದರು. ಮುದುಕಿ ಹನಮವ್ವನಿಗೆ ಎರಡು ವರ್ಷದಿಂದ ಹಗಲೂ ಕತ್ತಲೆ.

"ಎಲ್ಲದಾನವ, ಕೇಳಿದ್ರ ಮಾರಿ ತಿರುವಿ ಓಡಿದಾಂವ?" ಎಂದು ಕೆಂಚವ್ವ ಬಂದಳು. ಫಾತಿಮಾಬಿ ಅವಳನ್ನು ತಡೆದು ಕಿವಿಯಲ್ಲಿ ಏನೋ ಹೇಳಿದಳು. ಕೆಂಚವ್ವನ ಮುಖ ಇಳಿಯಿತು. ಸೆರಗು ಸಡಿಲಿಸಿ ಮೆಲ್ಲಗೆ ಬಂದು ಈರಬಸಪ್ಪನ ಎದುರು ಎರಡೂ ಕೈ ಜೋಡಿಸಿದಳು. ಅವನಿಗೆ ಕೇಳುವುದಿಲ್ಲವೆಂದು ತಿಳಿದೂ ಹೇಳಿದಳು:

"ತಪ್ಪಾತ್ರಿ ಯಣ್ಣಾ. ಎಂಟು ದಿನ ನಿಮಗ ಶಾಪ ಹಾಕೇನಿ. ನಮ್ಮತ್ತಿಗಿ ಕಣ್ಣ ಹೋದಂಗ ನಿಮಗ ಕಿವಿ ಹೋಗ್ಯಾವ ಅಂತ ಗೊತ್ತಿದ್ದಿಲ್ಲ."

ಈರಬಸಪ್ಪ ಕೈಯಲ್ಲಿದ್ದ ರಿಜಿಸ್ಟರನ್ನು ತೆರೆದು ಮುಚ್ಚಿದ. ಮತ್ತೆ ತೆರೆದ. ಹನಮವ್ವ ಮಾತ್ರ ಕೈ ಮುಗಿಯಲಿಲ್ಲ. ತಲೆಯನ್ನು ತುಸು ವಾರೆ ಮಾಡಿ, ಅವನಿದ್ದ ಕಡೆ ಏನನ್ನೋ ಆಲಿಸುತ್ತ ನಿಂತಿದ್ದಳು.

ಊರವರು ಸುಮ್ಮನಿರುವವರಲ್ಲ. ಶಾಲೆಯ ಮಾಸ್ತರರಿಂದ ಒಂದು ಅರ್ಜಿ ಬರೆಸಿ ನೂರಾ ಹನ್ನೆರಡು ಜನ ಸಹಿ ಹಾಕಿದರು. "ಸದರಿ ಕಂಟ್ರೋಲರರು ತಮ್ಮ ಶ್ರವಣಶಕ್ತಿಯನ್ನು ಸಾರ್ವಜನಿಕರ ಸೇವೆಯಲ್ಲಿ ವಾಹನಗಳ ಹಾರ್ನಿಗೆ ಅರ್ಪಿಸಿರುತ್ತಾರೆ. ಕಾರಣ ಅವರನ್ನು ಮನೆಗೆ ಕಳಿಸದೆ, ಕಿವಿಯ ಅಗತ್ಯವಿಲ್ಲದ ಯಾವುದಾದರೂ ಹುದ್ದೆಯನ್ನು ದಯಪಾಲಿಸಬೇಕಾಗಿ ವಿನಂತಿ." ಅರ್ಜಿ ಮೇಲಿನವರಿಗೆ ಮುಟ್ಟಿ, ಅಂದಾನೆಪ್ಪ ಎಂಬ ಇನ್ಸ್‌ಪೆಕ್ಟರ್ ಒಂದು ಸಂತೆಯ ದಿನ ಜೀಪಿನಲ್ಲಿ ಬಂದಿಳಿದರು. ಅರ್ಧ ಊರೇ ನಿಲ್ದಾಣದಲ್ಲಿ ಸೇರಿತ್ತು. ಮಡಿವಾಳೆಪ್ಪ ಅಂಗಡಿ ಮುಚ್ಚಿ ಬಂದಿದ್ದ. ಸಂತೆಗೆ ಬಂದ ಕೆಂಚವ್ವ ಅತ್ತೆಯನ್ನು ಬೆಂಚಿನ ಮೇಲೆ ಕೂಡಿಸಿ ತಾನೂ ನಿಂತಿದ್ದಳು.

ಇನ್ಸ್‌ಪೆಕ್ಟರು ಈರಬಸಪ್ಪನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಜನರಿಗೆ ಸುಮ್ಮನಿರಲು ಹೇಳಿದರು. ನಿಲ್ದಾಣ ಕಟ್ಟಿದಂದಿನಿಂದ ಅಲ್ಲಿ ಅಂಥ ಮೌನ ಆಗಿರಲಿಲ್ಲ. ಐದು ಹೆಜ್ಜೆ ಹಿಂದೆ ನಿಂತು ಅವರು, "ಈರಬಸಪ್ಪ, ನಾ ಮಾತಾಡೂದು ಕೇಳಸ್ತೈತೇನ್ರಿ?" ಎಂದರು.

ಈರಬಸಪ್ಪನ ಕಣ್ಣ ಮುಂದೆ ಸುಣ್ಣದ ಗೋಡೆಯಿತ್ತು. ಅದರ ಮೇಲೆ ಫ್ಯಾನು ತಿರುಗಿತು. ಆಚೆ ತುಪ್ಪದ ರೊಟ್ಟಿ ಇತ್ತು. ಅವನು ಸುಮ್ಮನೆ ನಿಂತ.

"ನಿಮಗ ಟೆಲಿಗ್ರಾಮ್ ಬಂದೈತಿ," ಎಂದರು ಇನ್ಸ್‌ಪೆಕ್ಟರು. ಸುಮ್ಮನೆ ನಿಂತ.

"ಪ್ರಮೋಶನ್ ಆಗೈತಿ." ಬೆನ್ನು ಸ್ವಲ್ಪ ಅಲುಗಿತು. ಆದರೂ ನಿಂತ.

ಜನ ನಿಟ್ಟುಸಿರು ಬಿಟ್ಟರು. ಮಡಿವಾಳೆಪ್ಪ ಆಕಾಶಕ್ಕೆ ಕೈ ಮುಗಿದ. ಇನ್ಸ್‌ಪೆಕ್ಟರು ಪೆನ್ನಿನ ಟೊಪ್ಪಿಗೆ ತೆಗೆದರು. ಆಗ ಬೆಂಚಿನ ಮೇಲಿಂದ ಹನಮವ್ವ, ಪಕ್ಕದವರಿಗೂ ಕೇಳಿಸದಷ್ಟು ಸಣ್ಣಗೆ, ಅಂದಳು:

"ತಮ್ಮಾ, ಅಣ್ಣಿಗೇರಿ ಬಸ್ಸು ಎಷ್ಟೊತ್ತಿಗೈತಪಾ?"

"ಎಂಟು ಇಪ್ಪತ್ತಕ್ಕ ಎರಡನೇ ಪ್ಲಾಟಫಾರ್ಮ್, ಬಾಗಲಕಡೆ ನಿಂದರಬ್ಯಾಡ್ರಿ!" ಎಂದ ಈರಬಸಪ್ಪ.

ಹದಿನಾರು ವರ್ಷದ ಅಭ್ಯಾಸ. ಬಾಯಿ ತಾನಾಗಿ ತೆರೆದು ತಾನಾಗಿ ಮುಚ್ಚಿತು. ಇನ್ಸ್‌ಪೆಕ್ಟರು ಮುದುಕಿಯ ಕಡೆ, ಮುದುಕಿಯಿಂದ ಗೋಡೆಯ ಕಡೆ ನೋಡಿದರು. ಮುದುಕಿ ಅಂದದ್ದು ಅವರಿಗೇ ಕೇಳಿಸಿರಲಿಲ್ಲ.

ಈರಬಸಪ್ಪ ತಿರುಗಿದ. ತನ್ನ ಬಗಲಚೀಲದಿಂದ ಕಿತ್ತಳೆ ಸ್ಪಂಜಿನದನ್ನು ತೆಗೆದು, ವೈರಿನ ತುದಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇದು ಯಾವುದಕ್ಕೂ ಹತ್ತಿದ್ದಿಲ್ರಿ. ಬರೇ ವೈರು. ನನಗ ಎಲ್ಲಾ ಕೇಳಿಸ್ತಿತ್ತು. ಮಂದಿ ಮಾತಾಡಸಬಾರದಂತ ಹಾಕ್ಕೊಂಡಿದ್ದೆ."

ಜನರ ನಡುವಿನಿಂದ ಕೆಂಚವ್ವ ಮುಂದೆ ಬಂದಳು. "ಅವತ್ತು ರಸ್ತೇದಾಗ ನಾ ಕೇಳಿದ್ದು?"

"ಕೇಳಿಸಿತ್ತವ್ವಾ."

ಅವಳು ಬೈಯುತ್ತಾಳೆಂದು ಎಲ್ಲರೂ ಕಾದರು. ಈರಬಸಪ್ಪನೂ ಆಸೆಯಿಂದ ಕಾದ. "ನಾ ನಿಮಗ ಕೈ ಮುಗದಿದ್ನಲ್ರಿ," ಎಂದಷ್ಟೇ ಹೇಳಿ ಅವಳು ಅತ್ತೆಯ ಕೈ ಹಿಡಿದುಕೊಂಡು ಹೋದಳು.

ಅಂದಾನೆಪ್ಪನವರು ಬಹಳ ಹೊತ್ತು ಯೋಚಿಸಿ ವರದಿ ಬರೆದರು: "ಶ್ರವಣಶಕ್ತಿ ಅತ್ಯುತ್ತಮ. ಉಳಿದದ್ದನ್ನು ಊರವರು ನೋಡಿಕೊಳ್ಳುವರು."

ಊರವರು ನೋಡಿಕೊಂಡರು. "ನಿನ ಸಲುವಾಗಿ ದರ್ಗಾಕ್ಕ ಹರಕಿ ಹೊತ್ತೇನಿ, ಈಗ ಏನಂತ ತೀರಸಲಿ?" ಎಂದು ಫಾತಿಮಾಬಿ ಜಗಳ ತೆಗೆದಳು. ಸಹಿ ಹಾಕಿದ ನೂರಾ ಹನ್ನೆರಡು ಜನರಲ್ಲಿ ಅನೇಕರು ಎಲ್ಲಿಗೂ ಹೋಗುವುದಿಲ್ಲದಿದ್ದರೂ ಬಂದು ಬಸ್ಸಿನ ವೇಳೆ ಕೇಳಿ ಹೋದರು. ಮಡಿವಾಳೆಪ್ಪ ಎಣ್ಣೆಯ ಶೀಸೆಯನ್ನು ವಾಪಸು ಒಯ್ದ.

ಮನೆಯಲ್ಲಿ ಗೌರಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ ಕೇಳಿದಳು.

"ಹಾಲು ತೀರೇತಿ ಅಂದದ್ದೂ ಕೇಳಿಸಿತ್ತ?"

"ಕೇಳಿಸಿತ್ತು."

"ಇಪ್ಪತ್ತ ವರ್ಷದ್ದೂ?"

ಈರಬಸಪ್ಪ ಎದ್ದು ತಂಬಿಗೆ ಹಿಡಿದು ಹಾಲಿಗೆ ಹೋದ. ಹಾಲು ಮನೆಯಲ್ಲಿತ್ತು. ಅವಳು ಅದನ್ನು ಹೇಳಲಿಲ್ಲ.

ಆಮೇಲೆ ಅವನು ನಿಲ್ದಾಣಕ್ಕೆ ಬಂದ ಪ್ರತಿ ಬಸ್ಸಿನ ಡ್ರೈವರನಿಗೂ ಒಂದೇ ಪ್ರಶ್ನೆ ಕೇಳತೊಡಗಿದ. "ಎಲ್ಲ್ಯಾರ ಕಣ್ಣಿನ ಶಿಬಿರ ಐತೇನಪಾ?" ಎಂಟು ದಿನದ ಮೇಲೆ ಕಲಘಟಗಿ ಕಡೆಯಿಂದ ಬಂದವನೊಬ್ಬ, ದೇವಿಕೊಪ್ಪದ ಶಾಲೆಯಲ್ಲಿ ಬರುವ ಗುರುವಾರ ಇದೆ ಎಂದ. ಈರಬಸಪ್ಪ ರಜೆ ಬರೆದುಕೊಟ್ಟು, ಬಾಜೂ ಹಳ್ಳಿಗೆ ನಡೆದು, ಕೆಂಚವ್ವನ ಮನೆಯ ಬಾಗಿಲಲ್ಲಿ ನಿಂತ. ಅವಳು ಅವನ ಮುಖ ನೋಡಿ ಒಳಗೆ ಹೋದಳು. ಹನಮವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

"ಬಂದ್ಯಾ?" ಎಂದಳು.

"ನಾನಂತ ಹೆಂಗ ಗೊತ್ತಾತವ್ವಾ?"

"ಕಾಲಸಪ್ಪಳ. ಅವತ್ತು ಕೆಂಚಿ ಕೇಳಿದಾಗ ನಿನ್ನ ಕಾಲು ಒಂದ ಹೆಜ್ಜಿ ತಪ್ಪಿತು. ಕಿವುಡನ ಕಾಲು ಯಾಕ ತಪ್ಪತಾವ ಅಂತ ನಾ ಬಸ್‌ಸ್ಟ್ಯಾಂಡಿಗೆ ಬಂದ ದಿನದಿಂದ ಕೇಳಕೊಳ್ಳಾಕತ್ತೇನಿ." ಮುದುಕಿ ಕೋಲು ಹುಡುಕಿ ಎದ್ದಳು. "ತಪ್ಪದ ಓಡಿದ್ರ ನಿನ್ನ ಕೂಡ ಬರ್ತಿದ್ದಿಲ್ಲ ನಾ. ನಡಿ, ಹೋಗೂಣು."

ಹತ್ತಿ ಬಿಡಿಸುವ ದಿನಗಳು. ಹೊಲ ಬಿಟ್ಟು ಬರಲು ಕೆಂಚವ್ವನಿಗೆ ಸಾಧ್ಯವಿರಲಿಲ್ಲ. ಅವಳು ಬುತ್ತಿಯ ಗಂಟನ್ನು ಅತ್ತೆಯ ಕೈಗೇ ಕೊಟ್ಟಳು, ಈರಬಸಪ್ಪನ ಕೈಗೆ ಕೊಡಲಿಲ್ಲ.

ದೇವಿಕೊಪ್ಪದ ಶಾಲೆಯ ಕೋಣೆಯಲ್ಲಿ ಚಾಪೆಗಳ ಮೇಲೆ ಇಪ್ಪತ್ತು ಜನ ಪೊರೆ ತೆಗೆಸಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು. ಐದು ದಿನ ಈರಬಸಪ್ಪ ಹನಮವ್ವನ ಬಾಜು ಕುಳಿತ. ಮುದುಕಿ ಸುಮ್ಮನಿರುವವಳಲ್ಲ. "ಅದೇನ ಸಪ್ಪಳ?" "ಗಂಟಿ ಹೊಡದ್ರವ್ವಾ." "ಯಾಕ ಹೊಡದ್ರು?" "ಚಾ ಬಂತು." "ಚಾದಾಗ ಸುಂಠಿ ಹಾಕ್ಯಾರೇನು?" "ಹಾಕಿಲ್ಲ." "ಯಾಕ ಹಾಕಿಲ್ಲ?" ಈರಬಸಪ್ಪ ಎದ್ದು ಹೋಗಿ, ಸುಂಠಿ ಯಾಕೆ ಹಾಕಿಲ್ಲವೆಂದು ಅಡಿಗೆಯವನನ್ನು ಕೇಳಿಕೊಂಡು ಬಂದು ಹೇಳಿದ. ಎರಡನೆಯ ದಿನಕ್ಕೆ ಬಾಜೂ ಚಾಪೆಗಳವರೂ ಕೇಳತೊಡಗಿದರು. ಹೊರಗೆ ಮೋಡ ಆಗಿದೆಯೇ, ಹೋದದ್ದು ಯಾರ ಗಾಡಿ, ಬಾಗಿಲಲ್ಲಿ ನಿಂತದ್ದು ಯಾರು. ಎಲ್ಲರಿಗೂ ಹೇಳಿದ. ಗಂಟಲು ಬಿದ್ದು ಹೋಗಿ, ಬಸ್‌ಸ್ಟ್ಯಾಂಡಿನ ದನಿಯೆಲ್ಲ ಕರಗಿ, ಪೀಪಿಯಂಥ ಸಣ್ಣ ದನಿ ಉಳಿಯಿತು.

ಬಟ್ಟೆ ಬಿಚ್ಚುವ ದಿನ ಬೆಳಿಗ್ಗೆ ಕೆಂಚವ್ವ ಬಂದಳು. ಈರಬಸಪ್ಪನ ಕಡೆ ನೋಡದೆ ಅತ್ತೆಯ ಕಾಲ ಹತ್ತಿರ ಕುಳಿತಳು. ಡಾಕ್ಟರು ಬಟ್ಟೆ ಬಿಚ್ಚಿ ನೀರು ಒರೆಸಿದರು. ಹನಮವ್ವ ರೆಪ್ಪೆ ಬಡಿದಳು. ಆಮೇಲೆ ಕೈ ಚಾಚಿ ಸೊಸೆಯ ಮೂಗು ಮುಟ್ಟಿ, "ಕೆಂಚಿ," ಎಂದಳು. "ಬಡವಾಗಿದ್ದಿ." ಸೊಸೆ ಅತ್ತಳು. ಮುದುಕಿಯ ನೋಟ ಅವಳ ಭುಜದಾಚೆ ಹೋಗಿ ನಿಂತಿತು.

"ಅದೇನ, ಬಾಗಲಾ?"

"ನಾನವ್ವಾ, ಈರಬಸಪ್ಪ."

ಹನಮವ್ವ ಕಣ್ಣು ಕಿರಿದು ಮಾಡಿ ಅವನನ್ನು ಎಡತುದಿಯಿಂದ ಬಲತುದಿಯವರೆಗೆ ನೋಡಿದಳು. ನೋಡುವುದಕ್ಕೆ ಸಮಯ ಹಿಡಿಯಿತು.

"ಅಯ್ಯ ನಿನ್ನ, ಇಷ್ಟ ಅಗಲ ಅದೀಯೇನೋ! ಆ ಪೀಪಿ ದನಿ ಕೇಳಿ, ಯಾವುದೋ ಬಡಕಲ ಜೀವ, ಹೊಟ್ಟಿಗಿಲ್ಲ ಅಂತ ನನ್ನ ಪಾಲಿನ ಬಾಳಿಹಣ್ಣೆಲ್ಲಾ ನಿನಗ ತಿನ್ನ್ಸಿದ್ನಲ್ಲೋ!"

ಬೇಡವೆನ್ನಲಾರದೆ ದಿನಕ್ಕೆರಡರಂತೆ ತಿಂದಿದ್ದ ಈರಬಸಪ್ಪ ತಲೆ ತಗ್ಗಿಸಿದ. ಕೋಣೆಯ ಚಾಪೆಗಳೆಲ್ಲ ನಕ್ಕವು. ಕೆಂಚವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆದರೂ ನಗೆ ತಡೆಯಲಾಗದೆ ಹೊರಗೆ ಎದ್ದು ಹೋದಳು.

ತುಸು ಹೊತ್ತಿನ ಮೇಲೆ ಗಂಟು ಕಟ್ಟಿಕೊಂಡು ಅತ್ತೆಯನ್ನು ನಡೆಸುತ್ತ ಶಾಲೆಯ ಅಂಗಳಕ್ಕೆ ಬಂದಾಗ ಅವಳು ಒಂದು ಕ್ಷಣ ನಿಂತಳು. ಅವನ ಮುಖ ನೋಡದೆ, ಎದುರಿನ ರಸ್ತೆ ನೋಡುತ್ತ ಕೇಳಿದಳು.

"ಹುಬ್ಬಳ್ಳಿ ಬಸ್ಸು ಎಷ್ಟೊತ್ತಿಗೈತ್ರಿ?"

ಅದು ಕಲಘಟಗಿಯ ಸೀಮೆ. ಅಲ್ಲಿಯ ಬಸ್ಸುಗಳ ವೇಳೆ ಈರಬಸಪ್ಪನಿಗೆ ಗೊತ್ತಿರಲಿಲ್ಲ.

"ಇಲ್ಲೇ ನೆಳ್ಳಾಗ ನಿಂದರ್ರಿ, ಕೇಳಿಕೊಂಡು ಬರ್ತೇನಿ," ಎಂದವನೇ ಅವನು ರಸ್ತೆಯ ಕಡೆ ಓಡಿದ.